ಆಸೆ ಇಲ್ಲ ಎಂದು ಬರೆದ ತಪ್ಪು

ರಾಜಾಜಿನಗರದ ಆ ನೋಟರಿ ನಾನು ಬರೆದ ಪತ್ರವನ್ನು ಪೂರ್ತಿ ಓದಲೂ ಇಲ್ಲ. ಎರಡನೆಯ ಪುಟದ ನಡುವೆ ಬೆರಳಿಟ್ಟು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಮೇಡಂ, ಇದು ಸೂಸೈಡ್ ನೋಟು. ಇದಕ್ಕೆ ನಾನು ಸೀಲ್ ಹಾಕಲ್ಲ" ಎಂದ.

ಜೆರಾಕ್ಸ್ ಅಂಗಡಿಯ ಹಿಂದಿನ ಆ ಗೂಡಿನಲ್ಲಿ ನಾಲ್ಕು ಜನ ಬಾಡಿಗೆ ಕರಾರು ಹಿಡಿದು ನಿಂತಿದ್ದರು. ಅವರೆಲ್ಲ ತಿರುಗಿ ನೋಡಿದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಸುಪ್ರೀಂ ಕೋರ್ಟ್ ಒಪ್ಪಿರೋ ಪತ್ರ ಕಣ್ರೀ ಇದು. ತೀರ್ಪಿನ ಕಾಪಿ ಹಿಂದೇನೇ ಪಿನ್ ಮಾಡಿದೀನಿ, ಓದಿ" ಎಂದೆ.

"ತೀರ್ಪು ಓದಿದೀನಿ. ನೀವು ಬರ್ದಿರೋದನ್ನ ನೀವು ಓದಿದೀರಾ?" ಎಂದು ಕೇಳಿ, ಆತ ಗಟ್ಟಿಯಾಗಿ ಓದತೊಡಗಿದ. "'ನನಗೆ ಬದುಕುವ ಆಸೆ ಇಲ್ಲದಂಥ ಸ್ಥಿತಿ ಬಂದಾಗ ಕೃತಕ ಉಸಿರಾಟ ಕೊಡತಕ್ಕದ್ದಲ್ಲ.' ಬದುಕೋ ಆಸೆ ಇಲ್ಲ ಅಂತ ಯಾರ್ ಬರೀತಾರೆ ಮೇಡಂ? ಸಾಯಕ್ಕೆ ಹೊರಟೋರು ಬರೀತಾರೆ. ನೆಕ್ಸ್ಟ್ ಯಾರಪ್ಪಾ, ಬನ್ನಿ."

ಪತ್ರ ಕಿತ್ತುಕೊಂಡು ಹೊರಗೆ ಬಂದೆ. ಸ್ಕೂಟರ್ ಹತ್ತಿರ ನಿಂತು ಇನ್ನೊಮ್ಮೆ ಓದಿದೆ. ಆತ ಹೇಳಿದ್ದು ಸರಿಯಾಗಿತ್ತು. ನನಗೆ ಹೊಟ್ಟೆ ಉರಿದದ್ದು ಅದಕ್ಕೇ.

ಪತ್ರ ವಿಜಯನಗರದ ಒಬ್ಬ ನಿವೃತ್ತ ಹೆಡ್‌ಮಿಸ್‌ಗಾಗಿ ಬರೆದದ್ದು. ಅರವತ್ತೆರಡು ವಯಸ್ಸು, ಗಣಿತ ಪಾಠ ಮಾಡಿದವರು. ದಾವಣಗೆರೆ ಕಡೆಯಿಂದ ಬಂದು, ಮದುವೆಯಾಗದೆ, ತಮ್ಮನನ್ನು ಓದಿಸಿ ದಡ ಸೇರಿಸಿ, ತಾವೇ ಕಟ್ಟಿಸಿದ ಮನೆಯಲ್ಲಿ ಅವನ ಸಂಸಾರದೊಂದಿಗೆ ಇದ್ದರು. ಒಂದೂವರೆ ವರ್ಷದ ಹಿಂದೆ ಎಡಗೈ ಸೋತಿತು. ಆಮೇಲೆ ನಾಲಿಗೆ. ನನ್ನ ಬಳಿ ಬರುವ ಹೊತ್ತಿಗೆ ಬಲಗೈಯೂ ಸೋಲುತ್ತಿತ್ತು. ನರಗಳು ಒಂದೊಂದಾಗಿ ಸ್ನಾಯುಗಳ ಕೈಬಿಡುವ ಕಾಯಿಲೆ ಅದು. ಬುದ್ಧಿ ಮಾತ್ರ ನೆಟ್ಟಗಿರುತ್ತದೆ. ಕೊನೆಗೊಂದು ದಿನ ಉಸಿರೆಳೆಯುವ ಸ್ನಾಯುವೂ ಕೈಕೊಡುತ್ತದೆ. ಆಗ ಗಂಟಲಿಗೆ ತೂತು ಮಾಡಿ ಯಂತ್ರಕ್ಕೆ ಜೋಡಿಸಿದರೆ ವರ್ಷಗಟ್ಟಲೆ ಮಲಗಿಸಿಡಬಹುದು, ಕಣ್ಣಷ್ಟೇ ಆಡುತ್ತಿರುತ್ತದೆ. ಹಾಗೆ ಮಾಡಬೇಡಿ ಎಂದು ಮುಂಚಿತವಾಗಿ, ಕಾನೂನು ಒಪ್ಪುವ ಹಾಗೆ ಬರೆದಿಡಬೇಕು, ಅದೂ ಸಹಿ ಹಾಕುವಷ್ಟು ಶಕ್ತಿ ಕೈಯಲ್ಲಿರುವಾಗಲೇ. ಇದು ಅವರು ತಂದ ಕೆಲಸ.

ಅವರ ಮಾತು ತೊದಲಿ ಯಾರಿಗೂ ತಿಳಿಯುತ್ತಿರಲಿಲ್ಲ. ತೊಡೆಯ ಮೇಲೆ ಮೊಬೈಲ್ ಇಟ್ಟುಕೊಂಡು ಬಲಗೈ ತೋರುಬೆರಳ ಗೆಣ್ಣಿನಿಂದ ಒಂದೊಂದೇ ಅಕ್ಷರ ಒತ್ತಿ ತೋರಿಸುತ್ತಿದ್ದರು. ಪತ್ರ ಕನ್ನಡದಲ್ಲೇ ಇರಬೇಕು ಎಂಬುದು ಅವರ ಮೊದಲ ಷರತ್ತು. ನಾನು ಇಂಗ್ಲಿಷ್ ಮಾದರಿಯೊಂದನ್ನು ಎದುರಿಟ್ಟುಕೊಂಡು ಒಂದು ಸಂಜೆ ಕನ್ನಡ ಮಾಡಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು "ಆಸೆ ಇಲ್ಲ, ಮನೆಗೆ ಕರ್ಕೊಂಡ್ ಹೋಗಿ" ಎನ್ನುತ್ತಾರಲ್ಲ, ಆ ಆಸೆಯನ್ನೇ ಬರೆದಿದ್ದೆ. ಕಾಗದದ ಮೇಲೆ ಅದು ಡಾಕ್ಟರ ಆಸೆಯಾಗಿ ಉಳಿಯದೆ ಹೆಡ್‌ಮಿಸ್ ಆಸೆಯಾಗಿ ಕೂತಿತ್ತು. ವಕೀಲಳಾಗಿ ನನಗೆ ಕಾಣಬೇಕಿತ್ತು, ಕಾಣಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬಸವೇಶ್ವರನಗರದ ನನ್ನ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಅವರ ತಮ್ಮ ಮೆಟ್ಟಿಲ ಮೇಲೆ ನಿಂತಿದ್ದ. ಸುಂಕದಕಟ್ಟೆಯಲ್ಲಿ ಪ್ಲೈವುಡ್ ಅಂಗಡಿ ಇಟ್ಟವನು, ಐವತ್ತರ ಆಸುಪಾಸು, ಹಣೆಯ ಮೇಲೆ ಮೂರು ಬೆರಳ ವಿಭೂತಿ.

"ಅಕ್ಕನ ಹತ್ರ ವಿಲ್ ಮಾಡಿಸ್ತಾ ಇದೀರಂತೆ?"

"ನೀವು ಅಂದ್ಕೊಂಡಿರೋ ವಿಲ್ ಅಲ್ಲ. ಮನೆ, ಸೈಟು ಯಾವುದೂ ಇದರಲ್ಲಿಲ್ಲ."

"ಮನೆ ವಿಷಯ ಆಗಿದ್ರೆ ನಾನು ಬರ್ತಾನೇ ಇರ್ಲಿಲ್ಲ ಮೇಡಂ. ಅದೇನೋ ಆಕ್ಸಿಜನ್ ಕೀಳೋ ಪತ್ರ ಅಂತಲ್ಲ? ನಿಮಗೆ ಅಕ್ಕ ತಂಗಿ ಇಲ್ವಾ? ಅವರಿಗೂ ಬರ್ಕೊಟ್ಟಿದೀರಾ?"

"ಅವರು ಕೇಳಿದ್ರೆ ಅವರಿಗೂ ಬರ್ಕೊಡ್ತೀನಿ" ಎಂದೆ. ಹಾಗೆ ಹೇಳಬಾರದಿತ್ತು. ಆದರೆ ಬೆಳಿಗ್ಗೆ ಬೆಳಿಗ್ಗೆ ಬಾಗಿಲಿಗೆ ಬಂದು ಕೊಲೆಗಾರ್ತಿಯ ಹಾಗೆ ನೋಡುವವನಿಗೆ ಕಾಫಿ ಕೊಟ್ಟು ಕೂರಿಸುವಷ್ಟು ಒಳ್ಳೆಯವಳಲ್ಲ ನಾನು.

"ನಾನು ಬದುಕಿರೋ ತನಕ ಅದು ಆಗಲ್ಲ. ಆ ಪತ್ರದಲ್ಲಿ ಒಂದು ಲೋಪ ಸಿಗ್ಲಿ, ಕೋರ್ಟಿಗೆ ಎಳೀತೀನಿ ನಿಮ್ಮನ್ನ" ಎಂದು ಹೇಳಿ ಇಳಿದುಹೋದ. ಆ ಮಾತು ನನ್ನನ್ನು ಚುಚ್ಚಿತು. ಲೋಪ ಅಂದಿಯಾ, ನೋಡ್ತಾ ಇರು, ಒಂದು ಕೊಂಬು ದೀರ್ಘ ತಪ್ಪದ ಹಾಗೆ ಬರೀತೀನಿ ಎಂದು ಅವನ ಬೆನ್ನಿಗೇ ಅಂದುಕೊಂಡೆ. ಹೆಡ್‌ಮಿಸ್ ಮೇಲಿನ ಕರುಣೆಗಿಂತ ಅವನ ಮೇಲಿನ ಹಟ ನನ್ನ ಕೈಯಲ್ಲಿ ಹೆಚ್ಚು ಕೆಲಸ ಮಾಡಿಸಿತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಅವನು ಅಂಗಡಿಗೆ ಹೋಗಿರುವ ಹೊತ್ತು ನೋಡಿಕೊಂಡು ಮನೆಗೆ ಹೋದೆ. ಹೆಡ್‌ಮಿಸ್ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಕುತ್ತಿಗೆಗೆ ಪಟ್ಟಿ ಕಟ್ಟಿತ್ತು. ನೋಟರಿ ಕಂಡುಹಿಡಿದ ವಾಕ್ಯವನ್ನು ನಾಚಿಕೆಯಿಂದಲೇ ಅವರಿಗೆ ತೋರಿಸಿದೆ. ಅವರು ಅದನ್ನು ಓದಿ, ಸುಮಾರು ಹೊತ್ತು ಮೊಬೈಲಿನಲ್ಲಿ ಒತ್ತಿದರು. ನಾನು ಬಗ್ಗಿ ಓದಿದೆ.

"ಆಸೆ ಇಲ್ಲದ್ದು ಡಾಕ್ಟರಿಗೆ. ನನಗೆ ಇದೆ. ಅದನ್ನೇ ಮೊದಲು ಬರಿ."

ಹಾಗಾಗಿ ಹೊಸ ಪತ್ರದ ಮೊದಲ ವಾಕ್ಯ "ನನಗೆ ಬದುಕುವ ಆಸೆ ಇದೆ" ಎಂದಾಯಿತು. ಇಂಥ ಪತ್ರವೊಂದು ಹೀಗೆ ಶುರುವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದಾದ ಮೇಲೆ ಮಾದರಿಯನ್ನು ಮಡಿಚಿಟ್ಟು, ಅವರು ಒತ್ತಿದ್ದನ್ನೇ ಬರೆಯುತ್ತ ಹೋದೆ. ಸೋಂಕು ಬಂದರೆ ಔಷಧ ಕೊಡಿ. ನುಂಗಲು ಆಗದಿದ್ದರೆ ಹೊಟ್ಟೆಗೆ ನಳಿಕೆ ಹಾಕಿ ಗಂಜಿ ಬಿಡಿ. ಉಸಿರಿಗೆ ಮುಖಕ್ಕೆ ಕಟ್ಟುವ ಮಾಸ್ಕ್ ಆಗಬಹುದು. ಬಾಯೊಳಗಿಂದ ಗಂಟಲಿಗೆ ಟ್ಯೂಬ್ ಬೇಡ, ಗಂಟಲಿಗೆ ತೂತು ಬೇಡ. ಹೃದಯ ನಿಂತರೆ ಎದೆ ಒತ್ತುವುದು ಬೇಡ. ಏದುಸಿರಿನ ಸಂಕಟ ತಗ್ಗಿಸುವ ಔಷಧವನ್ನು, ಅದರಿಂದ ಮಂಪರು ಬಂದರೂ ಸರಿ, ಧಾರಾಳವಾಗಿ ಕೊಡಿ.

ಕೊನೆಯಲ್ಲಿ ಅವರು "ಇಷ್ಟಲಿಂಗ ಮೈಮೇಲಿಂದ ತೆಗೆಯಕೂಡದು" ಎಂದು ಒತ್ತಿದರು. "ಮಿಸ್, ಇದು ಚಿಕಿತ್ಸೆ ವಿಷಯ ಅಲ್ಲ, ಕಾನೂನಲ್ಲಿ ಇದಕ್ಕೆ ಜಾಗ ಇಲ್ಲ" ಎಂದೆ. ಅವರು ನನ್ನನ್ನು ನೋಡಿದ ರೀತಿಗೆ ಹೋಂವರ್ಕ್ ಮಾಡದೆ ಬಂದವಳಂತಾಗಿ, ಅದನ್ನೂ ಬರೆದುಕೊಂಡೆ.

ಇಷ್ಟು ಸಾಲದು. ಮಾತಾಡಲಾಗದ ಹೊತ್ತಿನಲ್ಲಿ ಅವರ ಪರವಾಗಿ ಆಸ್ಪತ್ರೆಯಲ್ಲಿ ನಿಂತು "ಪತ್ರದಲ್ಲಿದ್ದ ಹಾಗೆ ಮಾಡಿ" ಎನ್ನುವ ಒಬ್ಬರ ಹೆಸರನ್ನು ಪತ್ರದಲ್ಲಿ ನಮೂದಿಸಬೇಕು. ಅವರ ಜೊತೆ ಪಾಠ ಮಾಡಿದ ಗೆಳತಿಯೊಬ್ಬರು ಒಪ್ಪಿದ್ದರು, ನನ್ನ ಆಫೀಸಿಗೆ ಹೆಡ್‌ಮಿಸ್‌ರನ್ನು ಕರೆತಂದವರೂ ಅವರೇ. ಹೆಡ್‌ಮಿಸ್‌ರ ತಮ್ಮ ಈ ಗೆಳತಿಯ ಮನೆಗೂ ಹೋಗಿ ಕೂಗಾಡಿ ಬಂದಿದ್ದ. ಎರಡು ದಿನ ಬಿಟ್ಟು ಅವರು ಫೋನ್ ಮಾಡಿ, "ನನ್ ಕೈಲಾಗಲ್ಲ ಮೇಡಂ. ಆ ಹೊತ್ತಲ್ಲಿ ಅವನು ಎದುರಿಗೆ ಬಂದು ನಿಂತ್ರೆ ನನ್ನ ಕಾಲು ನಡುಗತ್ತೆ. ನನ್ನ ಹೆಸರು ತೆಗ್ದುಬಿಡಿ" ಎಂದು ಅತ್ತರು. ಒಂದೇ ವಾರದಲ್ಲಿ ಅಲ್ಲಿಗೆ ಎರಡು ಪೆಟ್ಟು.

ಈ ಸುದ್ದಿ ಹೇಳಲು ಹೋದಾಗ ತಮ್ಮನೂ ಮನೆಯಲ್ಲೇ ಇದ್ದ. ಬಾಗಿಲಲ್ಲಿ ಅಡ್ಡ ನಿಂತ. "ಬಿಡೋ ಅವರನ್ನ" ಎಂಬಂಥ ಒಂದು ಸದ್ದು ಒಳಗಿನಿಂದ ಬಂತು. ಬಿಟ್ಟ.

ಗೆಳತಿ ಹಿಂದೆ ಸರಿದದ್ದನ್ನು ಕೇಳಿ ಹೆಡ್‌ಮಿಸ್ ಕಣ್ಣು ಮುಚ್ಚಿಕೊಂಡರು. ಆಮೇಲೆ ಮೊಬೈಲಿಗೆ ಕೈ ತಂದರು. ತೆರೆಯ ಮೇಲೆ ಮೂಡಿದ್ದು ತಮ್ಮನ ಹೆಸರು.

"ಬೇಡ ಮಿಸ್!" ಎಂದೆ. ಅವನ ಎದುರಿಗೇ ಹೇಳಿದೆ. "ನಿಮ್ಮ ಪತ್ರಕ್ಕೆ ಮೊದಲ ವೈರಿ ಇವರೇ. ಕುರಿ ಕಾಯೋಕೆ ತೋಳ ಬಿಟ್ಟ ಹಾಗಾಗತ್ತೆ. ಬೇರೆ ಯಾರನ್ನಾದ್ರೂ ಹುಡುಕೋಣ, ನಾನೇ ಹುಡುಕ್ತೀನಿ."

ತಮ್ಮ ನನಗಿಂತ ಜೋರಾಗಿ ಕೂಗಿದ. "ನನ್ನ ಕೈಯಿಂದ್ಲೇ ಮಾಡಿಸ್ತೀಯೇನಕ್ಕಾ? ಮನೆ ನಿನ್ನ ಹೆಸರಲ್ಲಿದೆ. ನಾಳೆ ನೆಂಟರು ಏನಂತಾರೆ? ಮನೆ ಆಸೆಗೆ ಅಕ್ಕನ ಉಸಿರು ನಿಲ್ಲಿಸ್ದ ಅಂತಾರೆ. ಸಾಯೋ ತನಕ ಅದನ್ನ ಹೊತ್ಕೊಂಡ್ ತಿರುಗ್ಲಾ ನಾನು?"

ಅಷ್ಟು ದಿನ ಅವನ ಸಿಟ್ಟಿನ ಹಿಂದೆ ಏನಿದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಆ ಕ್ಷಣ ಅರ್ಥವಾಯಿತು. ಆದರೂ ಅವನ ಮೇಲೆ ಪ್ರೀತಿಯೇನೂ ಉಕ್ಕಲಿಲ್ಲ. ಅಕ್ಕನ ಗಂಟಲಿಗಿಂತ ನೆಂಟರ ಬಾಯಿ ಇವನಿಗೆ ದೊಡ್ಡದಾಯಿತಲ್ಲ ಎಂದೇ ಅನ್ನಿಸಿತು.

ಹೆಡ್‌ಮಿಸ್ ಒತ್ತುತ್ತಲೇ ಇದ್ದರು. ಹತ್ತು ನಿಮಿಷ ಹಿಡಿದಿರಬೇಕು. ಮೊಬೈಲನ್ನು ಅವನ ಕಡೆ ತಿರುಗಿಸಲು ಅವರಿಗಾಗಲಿಲ್ಲ, ಅವನೇ ಬಂದು ಮಂಡಿಯೂರಿ ಓದಿದ. ಅವನ ಭುಜದ ಮೇಲಿನಿಂದ ನಾನೂ ಓದಿದೆ.

"ಟ್ಯೂಬ್ ಬೇಡ ಅಂತ ಬೇರೆಯವರು ಅಂದರೆ ನೀನು ಜಗಳ ಆಡ್ತೀಯ. ನೀನೇ ಬೇಡ ಅಂದರೆ ಜಗಳ ಆಡೋರು ಯಾರೂ ಇಲ್ಲ. ಲೆಕ್ಕ ಸರಿ ಇದೆಯಾ?"

ಅವನು ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದ. ಅವನ ಸಹಿ ಇಲ್ಲದಿದ್ದರೂ ಹೆಸರು ಬರೆಯಬಹುದು, ಕಾನೂನು ಅಡ್ಡಿ ಮಾಡುವುದಿಲ್ಲ. ಮನಸ್ಸಿಲ್ಲದವನ ಹೆಸರಿಗೆ ಏನು ಬೆಲೆ ಎಂದು ಮಾತ್ರ ನನಗೆ ತಿಳಿಯಲಿಲ್ಲ. ಹೆಡ್‌ಮಿಸ್ ಹಟ ಬಿಡಲಿಲ್ಲ. ಬರೆದೆ.

ಮುಂದಿನ ತೊಡಕು ಸಹಿಯದು. ಪತ್ರ ನಾಲ್ಕು ಪುಟವಾಗಿತ್ತು, ಪುಟಪುಟಕ್ಕೂ ಸಹಿ ಬೇಕು. ಅವರಿಗೆ ಒಂದು ಸಹಿ ಹಾಕುವುದೇ ದೊಡ್ಡದು. ಹೆಬ್ಬೆಟ್ಟು ಒತ್ತಿಸೋಣವೇ ಎಂದು ಕೇಳಿದ್ದಕ್ಕೆ, "ಹೆಡ್‌ಮಿಸ್ ಹೆಬ್ಬೆಟ್ಟಾ?" ಎಂಬ ಎರಡೇ ಪದ ತೆರೆಯ ಮೇಲೆ ಮೂಡಿತು. ಹಾಗಾಗಿ "ಮೇಲ್ಕಂಡ", "ಸದರಿ", "ತತ್ಸಂಬಂಧವಾಗಿ" ಎಂಬ ನಮ್ಮ ವೃತ್ತಿಯ ಕಸವನ್ನೆಲ್ಲ ಗುಡಿಸಿ ಹಾಕಿ, ಅವರ ಮಾತುಗಳನ್ನಷ್ಟೇ ಉಳಿಸಿಕೊಂಡು ಒಂದೇ ಪುಟಕ್ಕೆ ಇಳಿಸಿದೆ. ಎರಡು ರಾತ್ರಿಯ ಕೆಲಸ ಅದು. ಒಂದೊಂದು ಪದವನ್ನೂ ಆ ತಮ್ಮನ ಕಣ್ಣಿನಿಂದ ಓದಿ, ಎಲ್ಲಿ ಎಳೆಯಬಹುದು ಎಂದು ಹುಡುಕಿ ಹುಡುಕಿ ಬಿಗಿ ಮಾಡಿದೆ.

ಬೇರೆ ಇಬ್ಬರು ನೋಟರಿಗಳು ವಿಷಯ ಕೇಳಿಯೇ ಕೈಮುಗಿದರು. ಹಾಳಾಗಿ ಹೋಗಲಿ ಎಂದು ಮತ್ತೆ ಅದೇ ಜೆರಾಕ್ಸ್ ಅಂಗಡಿಯ ಹಿಂದಕ್ಕೆ ಹೋದೆ. ಆತ ಮೊದಲ ವಾಕ್ಯವನ್ನು ಎರಡು ಸಲ ಓದಿದ. "ಈಗ ಸರಿಯಾಯ್ತು" ಎಂದ. "ಮನೆಗೆ ಬರ್ಬೇಕಾ? ಲಿಫ್ಟ್ ಇದ್ಯಾ?" ಲಿಫ್ಟ್ ಇಲ್ಲ, ಮೊದಲ ಮಹಡಿ ಎಂದೆ. ಗೊಣಗುತ್ತಲೇ ಬ್ಯಾಗಿಗೆ ರಿಜಿಸ್ಟರ್ ತುಂಬಿಕೊಂಡ.

ಸಾಕ್ಷಿಗಳು ಎದುರು ಮನೆಯ ಬ್ಯಾಂಕ್ ಉದ್ಯೋಗಿ ಮತ್ತು ಹೆಡ್‌ಮಿಸ್‌ಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಣ್ಣುಮಗಳು. ತಮ್ಮ ಅಂದು ಅಂಗಡಿಗೆ ಹೋಗದೆ ಹಾಲ್‌ನಲ್ಲಿ ಕೂತಿದ್ದ, ಯಾರ ಮುಖವನ್ನೂ ನೋಡದೆ. ನೋಟರಿ ನಮ್ಮನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ಇಪ್ಪತ್ತು ನಿಮಿಷ ಹೆಡ್‌ಮಿಸ್ ಜೊತೆ ಒಬ್ಬನೇ ಇದ್ದ. ಯಾರಾದರೂ ಬಲವಂತ ಮಾಡಿದರೇ ಎಂದು ಮೂರು ಬೇರೆ ಬೇರೆ ರೀತಿಯಲ್ಲಿ ಕೇಳಿದನಂತೆ. ಬಾಗಿಲು ತೆಗೆದು ನಮ್ಮನ್ನು ಕರೆದು, ಪತ್ರವನ್ನು ಎಲ್ಲರೆದುರು ಓದಿದ. ಹೆಡ್‌ಮಿಸ್ ಒಂದೊಂದು ಸಾಲಿಗೂ ರೆಪ್ಪೆ ಬಡಿದರು.

ಪೆನ್ನನ್ನು ಬೆರಳುಗಳ ನಡುವೆ ಇಟ್ಟದ್ದಾಯಿತು. ಕೈ ಕಾಗದದ ಅಂಚಿನವರೆಗೆ ಬಂದು ಜಾರಿ ತೊಡೆಗೆ ಬಿತ್ತು. ಮತ್ತೆ ಇಟ್ಟರು. ಮತ್ತೆ ಬಿತ್ತು. ಮೂರನೆಯ ಸಲ ತಮ್ಮ ಎದ್ದು ಬಂದು ಅಕ್ಕನ ಮಣಿಕಟ್ಟಿಗೆ ಆಸರೆ ಕೊಡಲು ಕೈ ಚಾಚಿದ.

"ಮುಟ್ಬೇಡ್ರೀ!" ಎಂದು ನೋಟರಿ ಗದರಿದ. "ನೀವು ಕೈ ಹಿಡಿದ್ರೆ ಅದು ನಿಮ್ಮ ಸಹಿ. ಹಲಗೆ ಬೇಕಾದ್ರೆ ಹಿಡ್ಕೊಳ್ಳಿ, ಕೈ ಹಿಡಿಯೋ ಹಾಗಿಲ್ಲ."

ತಮ್ಮ ಪರೀಕ್ಷೆ ಬರೆಯುವ ಹಲಗೆಯೊಂದನ್ನು ತಂದು ಅಕ್ಕನ ಕೈಯ ಅಡಿಗೆ ಹಿಡಿದು ಕೂತ. ಹೆಡ್‌ಮಿಸ್ ಹಣೆಯಲ್ಲಿ ಬೆವರೊಡೆಯಿತು. ಮೊದಲ ಅಕ್ಷರ ನೆಟ್ಟಗೆ ಬಂತು, ಮುಂದಿನದು ಗೀಟು, ಕೊನೆಗೊಂದು ಬಾಲ. ಬ್ಯಾಂಕಿನ ದಾಖಲೆಯಲ್ಲಿದ್ದ ಸಹಿಗೂ ಇದಕ್ಕೂ ಹೋಲಿಕೆ ಅಷ್ಟಕ್ಕಷ್ಟೆ. ನೋಟರಿ ಅದನ್ನು ನೋಡಿ, "ನನ್ನ ಸಮಕ್ಷಮ ಸ್ವಹಸ್ತದಿಂದ" ಎಂದು ದಪ್ಪಕ್ಷರದಲ್ಲಿ ಬರೆದು ಸೀಲ್ ಒತ್ತಿದ. ಹೋಗುವಾಗ ಮೆಟ್ಟಿಲಲ್ಲಿ, "ಮೊದಲನೇ ಡ್ರಾಫ್ಟ್ ದರಿದ್ರವಾಗಿತ್ತು ಮೇಡಂ" ಎಂದು ಹೇಳುವುದನ್ನು ಮಾತ್ರ ಮರೆಯಲಿಲ್ಲ.

ಪತ್ರದ ಒಂದು ಪ್ರತಿಯನ್ನು ಸ್ಥಳೀಯ ಆಡಳಿತದ ಅಧಿಕಾರಿಗೆ ಒಪ್ಪಿಸಬೇಕು, ಅಲ್ಲಿ ಅದನ್ನು ಜೋಪಾನ ಮಾಡುತ್ತಾರೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಕೌಂಟರಿನಲ್ಲಿದ್ದವರು ತಲೆ ಎತ್ತದೆ, "ಡೆತ್ ಸರ್ಟಿಫಿಕೇಟ್ ಆ ಕಡೆ" ಎಂದರು. ಸತ್ತಿಲ್ಲ ಎಂದೆ. "ಸತ್ತಿಲ್ಲ ಅಂದ್ರೆ ಯಾಕ್ ಬಂದ್ರಿ?" ನಾಲ್ಕು ಸಲ ಓಡಾಡಿಸಿದರು. ಐದನೆಯ ಸಲ, ಸ್ವೀಕೃತಿ ಮುದ್ರೆ ಬೀಳುವ ತನಕ ಏಳುವುದಿಲ್ಲ ಎಂದು ಮೇಲಧಿಕಾರಿಯ ಎದುರು ಕುರ್ಚಿ ಎಳೆದುಕೊಂಡು ಕೂತೆ. ಊಟದ ಹೊತ್ತಿಗೆ ಮುದ್ರೆ ಬಿತ್ತು. ಇನ್ನೊಂದು ಪ್ರತಿ ಮನೆ ಡಾಕ್ಟರಿಗೆ ಹೋಯಿತು. ಮೂಲ ಪತ್ರವನ್ನು ಹೆಡ್‌ಮಿಸ್ ತಮ್ಮನ ಕೈಗೇ ಕೊಡಿಸಿದರು.

ಐದು ತಿಂಗಳು ಕಳೆದವು. ಒಂದು ಮಧ್ಯಾಹ್ನ ಅವನ ಫೋನು. "ಅಕ್ಕನ್ನ ಅಡ್ಮಿಟ್ ಮಾಡಿದೀವಿ. ನಿಮ್ಮ ಹತ್ರ ಇರೋ ಕಾಗದ ಎಲ್ಲಾ ತಗೊಂಡ್ ಬನ್ನಿ." ಅಷ್ಟೇ ಹೇಳಿ ಇಟ್ಟುಬಿಟ್ಟ. ಪತ್ರ ಹರಿದು ಹಾಕಿ ಟ್ಯೂಬ್ ಹಾಕಿಸಿರುತ್ತಾನೆ, ಈಗ ಕೋರ್ಟಿಗೆ ಎಳೆಯುವ ತಯಾರಿ ಎಂದೇ ದಾರಿಯುದ್ದಕ್ಕೂ ಅಂದುಕೊಂಡು ಹೋದೆ.

ಎಮರ್ಜೆನ್ಸಿ ವಾರ್ಡಿನ ಹೊರಗೆ ಅವನು ಗೋಡೆಗೊರಗಿ ಪತ್ರ ಓದುತ್ತ ನಿಂತಿದ್ದ. ನಾನು ತಂದ ಪ್ರತಿಯನ್ನೂ ಇಸಿದುಕೊಂಡು ಸಾಲುಸಾಲಾಗಿ ಓದಿ ವಾಪಸು ಕೊಟ್ಟ. ಒಳಗೆ ಹೆಡ್‌ಮಿಸ್ ಮುಖಕ್ಕೆ ಮಾಸ್ಕ್ ಕಟ್ಟಿತ್ತು. ಅವರಿಗೆ ನ್ಯುಮೋನಿಯಾ ಆಗಿತ್ತು, ಔಷಧ ಶುರುವಾಗಿತ್ತು, ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಡ್ಯೂಟಿ ಡಾಕ್ಟರ್ ಒಪ್ಪಿಗೆ ಫಾರ್ಮ್ ಹಿಡಿದು ಬಂದ. ಚಿಕ್ಕ ವಯಸ್ಸಿನವನು, ಅವಸರದಲ್ಲಿದ್ದ.

"ಸಾರ್, ಟ್ಯೂಬ್ ಹಾಕ್ದೇ ಇದ್ರೆ ಉಳಿಯಲ್ಲ. ಬೇಗ ಸೈನ್ ಮಾಡಿ."

ತಮ್ಮ ನನ್ನ ಕಡೆ ನೋಡಲಿಲ್ಲ. "ಹಾಕಿದ ಮೇಲೆ ತೆಗೆಯೋಕಾಗತ್ತಾ?" ಎಂದು ಕೇಳಿದ.

"ನೋಡ್ಬೇಕು ಸಾರ್."

"ನೋಡ್ಬೇಕು ಅಂದ್ರೆ? ಅಕ್ಕನ ಕಾಯಿಲೆ ಏನು ಅಂತ ಫೈಲ್ ಓದಿದೀರಾ? ಅವರ ಸ್ನಾಯು ಮತ್ತೆ ಉಸಿರಾಡತ್ತಾ, ಇಲ್ವಾ? ಹೇಳಿ."

ಡಾಕ್ಟರ್ ಫೈಲಿನ ಹಾಳೆ ತಿರುವಿದ. "ಉಸಿರಾಡೋದು ಕಷ್ಟ. ಆಮೇಲೆ ಗಂಟಲಿಗೆ ತೂತು ಮಾಡ್ಬೇಕಾಗತ್ತೆ."

"ಬೇಡ" ಎಂದ ತಮ್ಮ. ಪತ್ರ ಮುಂದೆ ಹಿಡಿದ. "ಮಾಸ್ಕ್ ಇರ್ಲಿ, ಔಷಧಿ ಇರ್ಲಿ. ಟ್ಯೂಬ್ ಬೇಡ."

ಅಲ್ಲಿಂದ ಮುಂದೆ ನನ್ನ ಕೆಲಸ. ಪತ್ರ ಇದೆ ಎಂದ ಮಾತ್ರಕ್ಕೆ ಅಲ್ಲಿಗೆ ಮುಗಿಯುವುದಿಲ್ಲ. ಚಿಕಿತ್ಸೆ ಕೊಡುವವರೂ ಸೇರಿದಂತೆ ಮೂವರು ಡಾಕ್ಟರುಗಳ ಮಂಡಳಿ ಕೂರಬೇಕು, ಅದರ ಮೇಲೆ ಹೊರಗಿನ ಡಾಕ್ಟರ್ ಒಬ್ಬರಿರುವ ಎರಡನೆಯ ಮಂಡಳಿ ಒಪ್ಪಬೇಕು. ಆಸ್ಪತ್ರೆಯ ಆಡಳಿತದವರು "ನಮ್ಮಲ್ಲಿ ಇದೆಲ್ಲ ಇಲ್ಲ" ಎಂದರು. ಇಲ್ಲದಿದ್ದರೆ ಮಾಡಿ ಎಂದು ತೀರ್ಪು, ಸರ್ಕಾರದ ಸುತ್ತೋಲೆ, ಸ್ವೀಕೃತಿ ಮುದ್ರೆ ಎಲ್ಲವನ್ನೂ ಮೇಜಿನ ಮೇಲೆ ಹರವಿದೆ. ಅವರ ವಕೀಲರು ಬಂದು ಪತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಎಲ್ಲೂ ಹಿಡಿತ ಸಿಗಲಿಲ್ಲ. ಮಂಡಳಿಗಳು ಕೂತವು. ಹಿರಿಯ ಡಾಕ್ಟರೊಬ್ಬರು ಏದುಸಿರು ತಗ್ಗಿಸುವ ಔಷಧ ಶುರುಮಾಡಿಸಿದರು. ಸ್ಕ್ಯಾನ್ ಮಾಡಬೇಕೆಂದು ನರ್ಸ್ ಕೊರಳಿನ ಲಿಂಗದ ದಾರಕ್ಕೆ ಕೈ ಹಾಕಿದಾಗ ತಮ್ಮ ಪತ್ರದ ಕೊನೆಯ ಸಾಲು ತೋರಿಸಿದ, ಆಕೆ ಬಿಟ್ಟಳು. ಮೂರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೆಡ್‌ಮಿಸ್ ಮಾಸ್ಕಿನೊಳಗೇ ಉಸಿರು ನಿಲ್ಲಿಸಿದರು. ಯಾರೂ ಎದೆ ಒತ್ತಲಿಲ್ಲ.

ನಾನು ಗೆದ್ದಿದ್ದೆ. ಹಾಗೆಂದು ನನಗೆ ಅನ್ನಿಸಿದ್ದು ನಿಜ.

ಅಕ್ಕನ ಶಿವಗಣಾರಾಧನೆ ಮುಗಿದ ವಾರಕ್ಕೆ ಅವನು ಆಫೀಸಿಗೆ ಬಂದ. ಕೂರಿ ಎಂದೆ, ಕೂರಲಿಲ್ಲ. ಥ್ಯಾಂಕ್ಸ್ ಹೇಳಲು ಬಂದಿದ್ದಾನೆ ಎಂದು ನನ್ನ ಅಂದಾಜು. ಪತ್ರವನ್ನು ಮೇಜಿನ ಮೇಲಿಟ್ಟ. ಮಡಿಕೆಗಳಲ್ಲಿ ಅದು ಹರಿಯುವಂತಾಗಿತ್ತು.

"ಅವತ್ತು ನೀವು ಬರೋ ಮುಂಚೆ ಎಷ್ಟು ಸಲ ಓದಿದೀನಿ ಗೊತ್ತಾ ಇದನ್ನ?"

"ನೋಡಿದೆ. ಓದ್ತಾ ನಿಂತಿದ್ರಿ."

"ತಪ್ಪು ಹುಡುಕ್ತಾ ಇದ್ದೆ ಮೇಡಂ. ಒಂದೇ ಒಂದು ತಪ್ಪು. ನೀವು ಬಂದ್ರೆ ನಿಮ್ಮ ಹತ್ರ ಇರೋ ಕಾಪಿಲಾದ್ರೂ ಸಿಗತ್ತೇನೋ ಅಂತ ಅದಕ್ಕೇ ಕರೆಸ್ದೆ. ಒಂದು ಅಕ್ಷರ ಆಚೆ ಈಚೆ ಆಗಿದ್ದಿದ್ರೆ ಸಾಕಿತ್ತು, ಪತ್ರ ಸರಿ ಇಲ್ಲ ಅಂತ ಹೇಳಿ ಟ್ಯೂಬ್ ಹಾಕಿಸ್ಬಿಡ್ತಿದ್ದೆ. ಅಕ್ಕ ಇನ್ನೂ ಇರ್ತಿದ್ಲು." ಅವನು ಪತ್ರವನ್ನು ನನ್ನ ಕಡೆ ತಳ್ಳಿದ. "ನೀವು ಒಂದನ್ನೂ ಬಿಟ್ಟಿರ್ಲಿಲ್ಲ."